ಗಾಳಿಯ ದಿಕ್ಕಿಗೂ ಪತ್ರಿಕೆಯಲ್ಲಿ ಒಂದಿಷ್ಟು ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಜಿಲ್ಲಾ ಪುಟದಲ್ಲಿ ದಿನವೂ ಗರಿಷ್ಠ, ಕನಿಷ್ಠ ಉಷ್ಣಾಂಶ ಬರುತ್ತದೆ. ಅದರ ಪಕ್ಕದಲ್ಲೇ ಇನ್ನೆರಡು ವಿಷಯ ಹಾಕಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಒಂದು, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ ಎನ್ನುವುದು. ಇನ್ನೊಂದು, ನಿನ್ನೆ ಇದೇ ಹೊತ್ತಿಗೆ ಹೋಲಿಸಿದರೆ ವಾಯುಭಾರ ಏರಿದೆಯೋ ಇಳಿದಿದೆಯೋ ಎನ್ನುವುದು. ವರ್ಷವಿಡೀ ಬೇಕಿಲ್ಲ, ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ಕೊಟ್ಟರೂ ಸಾಕು.

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಈಗ ಶ್ರೀನಿವಾಸಪುರ ತಾಲ್ಲೂಕಿನ ರೋಣೂರು ಹೋಬಳಿಯಲ್ಲಿ ನಮ್ಮ ಮಾವಿನ ತೋಟ ನೋಡಿಕೊಂಡಿದ್ದೇನೆ. ತೋತಾಪುರಿಯೇ ಹೆಚ್ಚು, ಬಾದಾಮಿ, ಬೇನಿಷ ಒಂದಿಷ್ಟು ಇವೆ. ಮಾವಿಗೆ ನವೆಂಬರ್, ಡಿಸೆಂಬರಿನ ರಾತ್ರಿಗಳಲ್ಲಿ ಚಳಿ ಬೇಕು, ನೆಲ ಒಣಗಿರಬೇಕು. ಆಗಲೇ ಕೊಂಬೆಯ ತುದಿಯಲ್ಲಿ ಹೂಮೊಗ್ಗು ಕಟ್ಟುವುದು. ಆ ಹೊತ್ತಿಗೆ ಮಳೆ ಹಿಡಿದರೆ ಹೂ ಬರಬೇಕಾದ ತುದಿಯಲ್ಲಿ ತಾಮ್ರ ಬಣ್ಣದ ಚಿಗುರು ಬರುತ್ತದೆ. ನೋಡಲು ಚೆಂದ, ಆದರೆ ಆ ಕೊಂಬೆಯಲ್ಲಿ ಆ ವರ್ಷ ಕಾಯಿ ಕಡಿಮೆಯೇ. ಹೂ ಬಿಟ್ಟ ಮೇಲೆ ಮೋಡ ಕವಿದು ನಿಂತರೆ ಜಿಗಿಹುಳು, ಬೂದಿ ರೋಗ ಎರಡೂ ಏರುತ್ತವೆ. ಎಲೆಯ ಮೇಲೆ ಬೆರಳಿಟ್ಟರೆ ಅಂಟು ಅಂಟು, ಸ್ವಲ್ಪ ದಿನಕ್ಕೆ ಅದರ ಮೇಲೆಯೇ ಕಪ್ಪು ಬೂಷ್ಟು. ಹನಿ ಬಿದ್ದರೆ ಚಿಬ್ಬು ರೋಗ ಬೇರೆ. ಹಾಗಾಗಿ ಮೋಡ ಕಂಡ ಕೂಡಲೇ ಪಕ್ಕದ ತೋಟದವರು ಬೇಲಿಯಾಚೆ ನಿಂತು ಕೇಳುತ್ತಾರೆ: "ಮೇಡಮ್ನೋರೇ, ನಾಳೆ ಔಷ್ದಿ ಹೊಡೆಸ್ಲಾ, ಬ್ಯಾಡ್ವಾ?" ಔಷಧಿ, ಟ್ರ್ಯಾಕ್ಟರ್ ಬಾಡಿಗೆ, ಆಳಿನ ಕೂಲಿ ಎಲ್ಲ ಕೊಟ್ಟು ಹೊಡೆಸಿದ್ದು ರಾತ್ರಿ ಮಳೆಗೆ ತೊಳೆದುಹೋದರೆ ಆ ದುಡ್ಡು ವಾಪಸ್ ಬರುವುದಿಲ್ಲ.

ಈ ಪ್ರಶ್ನೆಗೆ ಉಷ್ಣಾಂಶದಲ್ಲಿ ಉತ್ತರವಿಲ್ಲ. ಗಾಳಿಯಲ್ಲಿ ಇದೆ.

ಚಳಿಗಾಲದಲ್ಲಿ ಉತ್ತರದ ನೆಲ ತಣ್ಣಗಾಗಿ ಅಲ್ಲಿ ವಾಯುಭಾರ ಹೆಚ್ಚಿರುತ್ತದೆ, ದಕ್ಷಿಣದ ಬಿಸಿ ಸಮುದ್ರದ ಮೇಲೆ ಕಡಿಮೆ. ಗಾಳಿ ಉತ್ತರದಿಂದ ದಕ್ಷಿಣಕ್ಕೆ ಹೊರಡುತ್ತದೆ, ಭೂಮಿ ತಿರುಗುವುದರಿಂದ ಬಲಕ್ಕೆ ವಾಲಿ ನಮಗೆ ಈಶಾನ್ಯದಿಂದ ಬರುತ್ತದೆ. ನಮ್ಮವರು ಮೂಡಲ ಗಾಳಿ ಎನ್ನುವುದು ಇದನ್ನೇ. ಕೋಲಾರಕ್ಕೆ ಅರಬ್ಬಿ ಸಮುದ್ರಕ್ಕಿಂತ ಬಂಗಾಳಕೊಲ್ಲಿಯೇ ಹತ್ತಿರ. ಅಲ್ಲಿ ಏನಾದರೂ ಎದ್ದರೆ ಮೊದಲು ನಮ್ಮ ಗಾಳಿ ಬದಲಾಗುತ್ತದೆ.

ಡಚ್ ವಿಜ್ಞಾನಿ ಬಾಯ್ಸ್ ಬ್ಯಾಲಟ್ 1857ರಲ್ಲಿ ಹೇಳಿದ ನಿಯಮವನ್ನು ನಾನು ಮಕ್ಕಳನ್ನು ಶಾಲೆಯ ಅಂಗಳದಲ್ಲಿ ನಿಲ್ಲಿಸಿಯೇ ಕಲಿಸುತ್ತಿದ್ದೆ. ನಮ್ಮ ಉತ್ತರಾರ್ಧ ಗೋಳದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ವಾಯುಭಾರ ಕಡಿಮೆ ಇರುವ ಜಾಗ ಎಡಗೈ ಕಡೆಗೆ, ತುಸು ಮುಂದಕ್ಕೆ ಇರುತ್ತದೆ. ಡಿಸೆಂಬರಿನಲ್ಲಿ ಈಶಾನ್ಯದ ಗಾಳಿ ಬಿರುಸಾದಾಗ ಹೀಗೆ ನಿಂತು ನೋಡಿ, ಎಡಗೈ ತಮಿಳುನಾಡಿನ ಕರಾವಳಿಯತ್ತ ತೋರಿಸುತ್ತದೆ. ಆಮೇಲೆ ಗಾಳಿ ಬರುವ ದಿಕ್ಕು ಯಾವ ಕಡೆಗೆ ತಿರುಗುತ್ತದೆ ಎಂಬುದನ್ನು ಕಾಯಬೇಕು. ವಾಯುಭಾರ ಕಡಿಮೆ ಇರುವ ಆ ಜಾಗ, ಅಂದರೆ ಕುಸಿತ, ನಮಗೆ ದಕ್ಷಿಣದಲ್ಲಿ ಹಾದು ಪಶ್ಚಿಮಕ್ಕೆ ಹೊರಟರೆ ಗಾಳಿ ಈಶಾನ್ಯದಿಂದ ಪೂರ್ವಕ್ಕೆ, ಅಲ್ಲಿಂದ ಆಗ್ನೇಯಕ್ಕೆ ತಿರುಗಿ ಸಮುದ್ರದ ತೇವವನ್ನು ನೇರ ಇಲ್ಲಿಗೇ ತರುತ್ತದೆ. ಉತ್ತರಕ್ಕೆ ಆಂಧ್ರದತ್ತ ಹೋದರೆ ನಮ್ಮ ಗಾಳಿ ಉತ್ತರದಿಂದ, ವಾಯವ್ಯದಿಂದ ಬೀಸತೊಡಗುತ್ತದೆ. ಅದು ನೆಲದ ಮೇಲಿಂದ ಬರುವ ಗಾಳಿ, ತೇವ ಕಡಿಮೆ.

2022ರ ಡಿಸೆಂಬರಿನಲ್ಲಿ ಮ್ಯಾಂಡಸ್ ಚಂಡಮಾರುತ ಚೆನ್ನೈಗೆ ದಕ್ಷಿಣದಲ್ಲಿರುವ ಮಾಮಲ್ಲಪುರಂ ಬಳಿ ದಡ ಸೇರಿತು. ನಮ್ಮಲ್ಲಿ ಬಿಸಿಲೇ ಕಾಣದೆ ಜಡಿಮಳೆ, ಮೈ ಕೊರೆಯುವ ಚಳಿ. ಮರು ವರ್ಷ ಮಿಚಾಂಗ್ ಕರಾವಳಿಯುದ್ದಕ್ಕೂ ಸಾಗಿ ಡಿಸೆಂಬರ್ 5ರಂದು ಉತ್ತರಕ್ಕೆ ಆಂಧ್ರದ ಬಾಪಟ್ಲದ ಬಳಿ ದಡ ಹತ್ತಿತು. ಚೆನ್ನೈ ಮುಳುಗಿತು, ನಮ್ಮ ತೋಟದಲ್ಲಿ ಮೋಡ, ತಂಪು ಗಾಳಿ ಬಿಟ್ಟರೆ ಹೇಳಿಕೊಳ್ಳುವ ಮಳೆ ಇಲ್ಲ. 2024ರ ನವೆಂಬರ್ 30ರಂದು ಫೆಂಗಲ್ ಪುದುಚೇರಿಯ ಬಳಿ ದಡ ದಾಟಿದ್ದೇ ಮತ್ತೆ ಮಳೆ ಒಳನಾಡಿಗೆ ಬಂತು. ಪತ್ರಿಕೆಗಳಲ್ಲಿ ಮಾತ್ರ ಪ್ರತಿಸಲವೂ 'ವಾಯುಭಾರ ಕುಸಿತ, ಮಳೆ ಸಾಧ್ಯತೆ' ಎಂಬ ಒಂದೇ ಸಾಲು. ಚೆನ್ನೈಗೆ ಉತ್ತರಕ್ಕೋ ದಕ್ಷಿಣಕ್ಕೋ ಎಂಬುದೇ ನಮಗೆ ಬೇಕಾದ ಸುದ್ದಿ. ಹವಾಮಾನ ಇಲಾಖೆ ಅದನ್ನು ತನ್ನ ಪ್ರಕಟಣೆಯಲ್ಲಿ ಹೇಳಿಯೇ ಇರುತ್ತದೆ, ಜಿಲ್ಲಾ ಪುಟಕ್ಕೆ ಬರುವಷ್ಟರಲ್ಲಿ ಬಿಟ್ಟುಹೋಗಿರುತ್ತದೆ.

ವಾಯುಭಾರದ ಅಂಕಿ ಹಾಕುವಾಗ ಒಂದು ಎಚ್ಚರ ಬೇಕು. ನಮ್ಮ ಪಡಸಾಲೆಯಲ್ಲಿ ದುಂಡು ವಾಯುಭಾರಮಾಪಕವೊಂದಿದೆ. ನಮ್ಮದು ಎತ್ತರದ ಸೀಮೆ, ಸಮುದ್ರ ಮಟ್ಟದಲ್ಲಿ 1013 ಮಿಲಿಬಾರ್ ಇರುವಾಗ ಇಲ್ಲಿ ಮುಳ್ಳು 920ರ ಆಸುಪಾಸಿನಲ್ಲಿರುತ್ತದೆ. ಹವೆ ಎಷ್ಟೇ ಶಾಂತವಾಗಿದ್ದರೂ ಆ ಮುಳ್ಳು ಸುಮ್ಮನಿರುವುದಿಲ್ಲ. ಬೆಳಿಗ್ಗೆ ಹತ್ತರ ಸುಮಾರಿಗೆ ಏರಿ, ಸಂಜೆ ನಾಲ್ಕಕ್ಕೆ ಮೂರು ನಾಲ್ಕು ಮಿಲಿಬಾರ್ ಇಳಿದು, ರಾತ್ರಿ ಹತ್ತಕ್ಕೆ ಮತ್ತೆ ಏರಿ, ನಸುಕಿನಲ್ಲಿ ಮತ್ತೆ ಇಳಿಯುತ್ತದೆ. ಉಷ್ಣವಲಯದಲ್ಲೆಲ್ಲ ಹೀಗೆಯೇ, ವಾತಾವರಣಕ್ಕೂ ದಿನಕ್ಕೆರಡು ಉಬ್ಬರವಿಳಿತ. ಇದು ಗೊತ್ತಿಲ್ಲದವರಿಗೆ ಪ್ರತಿ ಸಂಜೆಯೂ ಚಂಡಮಾರುತ ಬಂದಂತೆಯೇ ಕಾಣುತ್ತದೆ. ಆದ್ದರಿಂದ ಇವತ್ತಿನ ಬೆಳಿಗ್ಗೆ ಎಂಟೂವರೆಯ ಅಂಕಿಯನ್ನು ನಿನ್ನೆಯ ಎಂಟೂವರೆಯ ಅಂಕಿಯ ಜೊತೆಗೇ ಹೋಲಿಸಬೇಕು. ದಿನದಿಂದ ದಿನಕ್ಕೆ ಇಳಿಯುತ್ತಲೇ ಹೋಗಿ, ಗಾಳಿಯೂ ಪೂರ್ವಕ್ಕೆ ತಿರುಗಿದರೆ ನಾನು ಔಷಧಿ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ.

ಇದು ಮಾವಿನವರಿಗಷ್ಟೇ ಅಲ್ಲ. 2021ರ ನವೆಂಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ ರಾಗಿ ತೆನೆ ಹೊಲದಲ್ಲೇ ಮೊಳಕೆಯೊಡೆದದ್ದನ್ನು ಓದುಗರು ಮರೆತಿರಲಾರರು. ಕೊಯ್ಲು ಎರಡು ದಿನ ಹಿಂದೆ ಮುಂದೆ ಮಾಡಲು ಆಗುವವರಿಗೆ ಈ ಎರಡು ಸಾಲು ದೊಡ್ಡ ಆಸರೆ.

ಅಂಕಿಗಳಿಗೆ ಕೊರತೆಯೇನಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ, ಹೋಬಳಿ ಮಟ್ಟದ ಹವಾಮಾನ ಕೇಂದ್ರಗಳು ಗಾಳಿಯ ವೇಗ, ದಿಕ್ಕನ್ನೂ ಅಳೆಯುತ್ತವೆ. ವಾಯುಭಾರಕ್ಕೆ ಬೆಂಗಳೂರು, ಚೆನ್ನೈ ವೀಕ್ಷಣಾಲಯಗಳ ಬೆಳಗಿನ ಅಂಕಿ ಸಾಕು. ಚೆನ್ನೈಯದು ಬೆಂಗಳೂರಿನದಕ್ಕಿಂತ ಬೇಗ ಇಳಿಯತೊಡಗಿದರೆ ಕುಸಿತ ಎತ್ತ ಇದೆ ಎಂದು ಓದುಗರೇ ಅಂದಾಜು ಮಾಡಿಕೊಳ್ಳುತ್ತಾರೆ. ರೋಣೂರು, ರಾಯಲ್ಪಾಡು, ಯಲ್ದೂರು, ನೆಲವಂಕಿ ಹೋಬಳಿಗಳ ಗಾಳಿಯ ದಿಕ್ಕನ್ನು ಒಂದು ಚಿಕ್ಕ ಪಟ್ಟಿಯಲ್ಲಿ ಹಾಕಿ, ಕೊಲ್ಲಿಯಲ್ಲಿ ಕುಸಿತ ಇದ್ದ ದಿನ ಅದು ಚೆನ್ನೈಯಿಂದ ಯಾವ ದಿಕ್ಕಿಗೆ, ಎಷ್ಟು ಕಿಲೋಮೀಟರ್ ದೂರ ಎಂದು ಒಂದು ಸಾಲು ಸೇರಿಸಿ. ಅದನ್ನು ಓದುವುದು ಹೇಗೆಂದು ಮೊದಲ ವಾರ ವಿವರಿಸಬೇಕಿದ್ದರೆ, ಬರೆದುಕೊಡಲು ನಾನು ಸಿದ್ಧಳಿದ್ದೇನೆ.

— ನಿವೃತ್ತ ವಿಜ್ಞಾನ ಶಿಕ್ಷಕಿ, ರೋಣೂರು ಹೋಬಳಿ, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ