ಪೆಟ್ರೋಲೂ ಹಳಸುತ್ತದೆ

ಮಾನ್ಯ ಸಂಪಾದಕರೇ,

ನಮ್ಮ ಶಾಲೆಯ ಮೈದಾನಕ್ಕೆ ಹುಲ್ಲು ಕತ್ತರಿಸುವ ಹಳೇ ಪುಟ್ಟ ಟ್ರ್ಯಾಕ್ಟರ್ ಇದೆ. ಕೂತು ಓಡಿಸುವಂಥದ್ದು, ಪೆಟ್ರೋಲ್ ಎಂಜಿನ್. ರಾಯಚೂರಿನ ಬಿಸಿಲಿಗೆ ಹುಲ್ಲೆಲ್ಲ ಒಣಗುತ್ತದೆ. ಹಾಗಾಗಿ ಫೆಬ್ರವರಿಯಿಂದ ಮಳೆ ಬೀಳುವ ತನಕ ಅದು ತಗಡಿನ ಶೆಡ್ಡಿನಲ್ಲೇ ನಿಂತಿರುತ್ತದೆ. ಈ ಸಲ ಹೊರಗೆ ತೆಗೆದರೆ, ಚೋಕ್ (ಗಾಳಿ ತಡೆದು ಪೆಟ್ರೋಲ್ ಜಾಸ್ತಿ ಬಿಡುವ ಗುಂಡಿ) ಎಳೆದಾಗ ಮಾತ್ರ ಸ್ಟಾರ್ಟ್. ಚೋಕ್ ಒಳಗೆ ತಳ್ಳಿದ ಕೂಡಲೇ ಕೆಮ್ಮಿ ನಿಂತುಬಿಡುತ್ತಿತ್ತು. ರಿಪೇರಿಯವರೊಬ್ಬರು, ‘ಎಂಜಿನ್ ಹೋಗೇದ್ರಿ ಸರ, ಗುಜರಿಗೆ ಹಾಕ್ರಿ’ ಅಂದರು. ನನಗೆ ಮನಸ್ಸು ಬರಲಿಲ್ಲ.

ನಮ್ಮ ಓಣಿಯ ಬೈಕ್ ಮೆಕ್ಯಾನಿಕ್ ಹುಡುಗನನ್ನು ಕರೆದೆ. ಪ್ಲಗ್ ಬಿಚ್ಚಿ ನೋಡಿದ: ಕಿಡಿ ಚೆನ್ನಾಗಿತ್ತು, ಆದರೆ ಪ್ಲಗ್ ಒಣಗಿತ್ತು. ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ ಅಂತಾಯಿತು. ಟ್ಯಾಂಕ್ ಮುಚ್ಚಳದಲ್ಲಿ ಗಾಳಿಯಾಡುವ ತೂತು ಕಟ್ಟಿದ್ದರೂ ಹೀಗಾಗುತ್ತದಂತೆ. ಅದು ಸರಿಯಿತ್ತು. ಆಮೇಲೆ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬುರೇಟರ್‌ನ ಬಟ್ಟಲಿನಲ್ಲಿದ್ದದ್ದನ್ನು ಗಾಜಿನ ಬಾಟಲಿಗೆ ಇಳಿಸಿದ. ಎರಡು ನಿಮಿಷ ಬಿಟ್ಟು ನೋಡಿದರೆ ತಳದಲ್ಲಿ ಮಬ್ಬು ನೀರು, ಮೇಲೆ ಪೆಟ್ರೋಲ್, ನಡುವೆ ಗೆರೆ ಕೊರೆದ ಹಾಗೆ! ಬಟ್ಟಲಿಗೆಲ್ಲ ಬೆಲ್ಲದ ಪಾಕದಂಥ ಅಂಟು. ಪೆಟ್ರೋಲ್ ಹಾಯುವ ಜೆಟ್ಟಿನ ಸಣ್ಣ ತೂತು ಪೂರ್ತಿ ಕಟ್ಟಿತ್ತು. ವೈರಿನಿಂದ ತಾಮ್ರದ ಒಂದೇ ಎಳೆ ಬಿಡಿಸಿ ತೂರಿಸಿದ. ‘ಸೂಜಿ ಹಾಕಬ್ಯಾಡ್ರಿ ಸರ, ತೂತು ದೊಡ್ಡದಾಗ್ತದ’ ಅಂದ. ಬಿರುಕು ಬಿಟ್ಟ ರಬ್ಬರ್ ಪೈಪು, ಫಿಲ್ಟರ್ ಬದಲಿಸಿ ಹೊಸ ಪೆಟ್ರೋಲ್ ಹಾಕಿದೆವು. ಅವತ್ತೇ ಮೈದಾನದ ಹುಲ್ಲು ಪೂರ್ತಿ ಕತ್ತರಿಸಿತು.

ಈಗ ಬಂಕ್‌ಗಳಲ್ಲಿ ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಸಿಗುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಇದಕ್ಕೆ ಚಾಲನೆ ಕೊಟ್ಟಿದ್ದರು. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ನೀರು ಜಾಸ್ತಿಯಾದರೆ ಅದರ ಜೊತೆಗೇ ಬೇರ್ಪಟ್ಟು ತಳಕ್ಕಿಳಿಯುತ್ತದೆ. ದಿನಾ ಓಡುವ ಬೈಕಿಗೆ ಈ ಕಾಟ ಕಡಿಮೆ. ತಿಂಗಳುಗಟ್ಟಲೆ ಸುಮ್ನೆ ನಿಲ್ಲುವ ಯಂತ್ರಕ್ಕೆ ತೊಂದರೆ. ಸಿಂಧನೂರು, ಮಾನ್ವಿ ಕಡೆಯ ಭತ್ತದ ರೈತರ ಪವರ್ ಸ್ಪ್ರೇಯರ್‌ಗಳೂ ಹೀಗೇ ಮೂಲೆಯಲ್ಲಿ ನಿಂತಿರುತ್ತವೆ, ಅಲ್ವಾ? ಅವರಿಗೂ ‘ಎಂಜಿನ್ ಹೋಗೇದ’ ಅಂದರೆ ಎಷ್ಟು ಸಾವಿರ ದಂಡ!

ಯಂತ್ರ ಮಾರುವವರು ಅದರ ಜೊತೆ ಕನ್ನಡದಲ್ಲಿ ಒಂದೇ ಒಂದು ಹಾಳೆ ಕೊಡಲಿ: ಎತ್ತಿಡುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಅಂತ. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ಕೃಷಿ ಮೇಳದಲ್ಲಿ ಒಂದು ಮಳಿಗೆಯಿಟ್ಟು, ರೈತರ ಕಣ್ಣೆದುರೇ ಕಾರ್ಬುರೇಟರ್ ಬಿಚ್ಚಿ ತೋರಿಸಲಿ ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ದೈಹಿಕ ಶಿಕ್ಷಕ, ರಾಯಚೂರು