ಮುಟೊಂಬೊ ಕಟ್ಟಿಸಿದ ಆಸ್ಪತ್ರೆ

ಮಾನ್ಯ ಸಂಪಾದಕರೇ,

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ತಾರೆ ಡಿಕೆಂಬೆ ಮುಟೊಂಬೊ 2024ರ ಸೆಪ್ಟೆಂಬರ್ 30ರಂದು ಮಿದುಳಿನ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 58 ವರ್ಷ. ಎದುರಾಳಿಯ ಎಸೆತ ತಡೆದು, ತೋರುಬೆರಳು ಆಡಿಸಿ ‘ಇಲ್ಲಿ ನಡೆಯದು’ ಎನ್ನುವಂತೆ ನಗುತ್ತಿದ್ದ ಅವರ ಚಿತ್ರವೇ ಎಲ್ಲರ ನೆನಪಿನಲ್ಲಿದೆ. ಅದು ಸಹಜವೇ. 18 ಋತುಗಳಲ್ಲಿ 3,289 ಬ್ಲಾಕ್ (ಎದುರಾಳಿಯ ಎಸೆತ ತಡೆದದ್ದು), ನಾಲ್ಕು ಬಾರಿ ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ ಪ್ರಶಸ್ತಿ, 2015ರಲ್ಲಿ ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಪಟ್ಟಿಯಾದ ಹಾಲ್ ಆಫ್ ಫೇಮ್ ಗೌರವ. 1994ರಲ್ಲಿ ಅವರು ಆಡುತ್ತಿದ್ದ, ಎಂಟನೇ ಶ್ರೇಯಾಂಕದ ಡೆನ್ವರ್ ತಂಡ ಅಗ್ರ ಶ್ರೇಯಾಂಕದ ಸಿಯಾಟಲ್ ತಂಡವನ್ನು ಮಣಿಸಿದಾಗ ಅವರು ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳದಲ್ಲೇ ಮಲಗಿಬಿಟ್ಟಿದ್ದರು.

ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಕಾಂಗೋದ ರಾಜಧಾನಿ ಕಿನ್ಶಾಸಾದಲ್ಲಿ ಅವರು ಕಟ್ಟಿಸಿದ ಆಸ್ಪತ್ರೆ. ಆ ಊರಿನ ಹುಡುಗ ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯಕ್ಕೆ ಹೋದದ್ದು ವೈದ್ಯನಾಗುವ ಆಸೆಯಿಂದ. ಏಳಡಿ ಎರಡಂಗುಲದ ಎತ್ತರ ಅವರನ್ನು ಅಂಗಳಕ್ಕೆ ಎಳೆಯಿತು. ಮುಂದೆ ದೇಶ ಹೊತ್ತಿ ಉರಿಯುತ್ತಿದ್ದ ದಿನಗಳಲ್ಲಿ ತಾಯಿ ಕಾಯಿಲೆ ಬಿದ್ದರು. ಸಕಾಲಕ್ಕೆ ಆಸ್ಪತ್ರೆ ಸೇರಲಾಗದೆ ಪ್ರಾಣ ಬಿಟ್ಟರು. ಮಗ ತನ್ನ ಗಳಿಕೆಯಿಂದಲೇ ಒಂದೂವರೆ ಕೋಟಿ ಡಾಲರ್‌ನಷ್ಟು ಹಾಕಿ, 300 ಹಾಸಿಗೆಗಳ ಆಸ್ಪತ್ರೆ ಎಬ್ಬಿಸಿ, ಅದಕ್ಕೆ ತಾಯಿ ಬಿಯಾಂಬಾ ಮೇರಿಯ ಹೆಸರಿಟ್ಟರು. 2007ರಿಂದ ಅಲ್ಲಿ ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿದೆ.

ನಮ್ಮ ಕ್ರೀಡಾಪುಟಗಳಲ್ಲಿ ಕ್ರಿಕೆಟ್‌ನ ಗದ್ದಲದ ನಡುವೆ ಇಂಥ ಬದುಕಿಗೆ ಒಂದು ಮೂಲೆಯ ಸುದ್ದಿಯಷ್ಟೇ ಜಾಗ ಸಿಗುತ್ತದೆ. ನಿಮ್ಮ ಭಾನುವಾರದ ಪುರವಣಿಯಲ್ಲಿ ಮುಟೊಂಬೊ ಕುರಿತು ಪೂರ್ಣಪುಟದ ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ. ಶಾಲೆಯ ಮಕ್ಕಳು ಓದುವಂತಿರಲಿ.

– ಓದುಗ, ಧಾರವಾಡ