600 ರೂಪಾಯಿಯಲ್ಲಿ ಉಳಿದದ್ದು 85

ಸಂಪಾದಕರೇ,

ನನ್ನ ಮಗಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಓದುತ್ತಾಳೆ. 14 ತುಂಬಿದ ಮೇಲೆ ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ ಹತ್ತನೇ ತರಗತಿ ಪರೀಕ್ಷೆ ಬರೆಯಬಹುದು, ಆ ಚಿಂತೆ ಇಲ್ಲ. ಆದರೆ ನಾಲ್ಕು ಜನರ ಜೊತೆ ವ್ಯವಹಾರ ಮಾಡೋದನ್ನು ಮನೆಯೊಳಗೆ ಕೂತು ಹೇಗೆ ಕಲಿಸೋದು? ನಮ್ಮ ಓಣಿಯ ಸಣ್ಣ ಸಂಘವೊಂದು ಇಂಥ ಏಳೆಂಟು ಮಕ್ಕಳಿಗೆ ಭಾನುವಾರ ಪುಕ್ಕಟೆಯಾಗಿ ವ್ಯಾಪಾರ ಹೇಳಿಕೊಡುತ್ತಿದೆ.

ಮಗಳು ಶೇಂಗಾ ಚಟ್ನಿಪುಡಿ ಮಾಡಿ ಮಾರಿದಳು. 600 ರೂಪಾಯಿ ಬಂತು, ಎಲ್ಲಾ ಲಾಭವೇ ಅಂತ ಕುಣಿದಳು. ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಪ್ಯಾಕೆಟ್, ಮಿಕ್ಸಿಯ ಕರೆಂಟು ಎಲ್ಲ ಕಳೆದು ನೋಟ್‌ಬುಕ್ಕಿನಲ್ಲಿ ಬರೆಸಿದಾಗ ಉಳಿದದ್ದು 85. (ಹುರಿದುಕೊಟ್ಟ ನನ್ನ ಕೂಲಿ ಯಾರೂ ಹಿಡಿಯಲಿಲ್ಲ ಬಿಡಿ!) ಮುಂದಿನ ವಾರ ತಾನೇ ಕಿರಾಣಿ ಅಂಗಡಿಗೆ ಹೋಗಿ ಚೌಕಾಸಿ ಮಾಡಿ ಬಂದಳು.

ಪಕ್ಕದಲ್ಲೇ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳ ಊರಿದೆ. ಜಿಐ (ಆ ಊರಿನದೇ ಸರಕು ಅನ್ನುವ ಭೌಗೋಳಿಕ ಗುರುತು) ಮಾನ್ಯತೆ ಪಡೆದ ಆ ಗೊಂಬೆಗಳಿಗೆ ಬೆಲೆ ಹೇಗೆ ಕಟ್ಟುತ್ತಾರೆ ಅಂತ ಮಾಡುವವರ ಬಾಯಿಂದಲೇ ಮಕ್ಕಳು ಕೇಳಬೇಕು ಅಲ್ವಾ? ಜನವರಿಯಲ್ಲಿ ಗವಿಮಠದ ಜಾತ್ರೆ ಬರುತ್ತದೆ. ಸಂಬಂಧಪಟ್ಟವರು ಅಲ್ಲಿ ಮಕ್ಕಳಿಗೆ ಒಂದು ಪುಟ್ಟ ಮಳಿಗೆ ಕೊಡಲಿ, ಶಾಲೆ ಮಕ್ಕಳೂ ಜೊತೆಗೆ ಕೂರಲಿ.

– ಒಬ್ಬ ತಾಯಿ, ಕೊಪ್ಪಳ